ಇನಾಸಕಾಕಾನ ಕರೀ ಬಟ್ಟಿ

ರೇಷ್ಮಿ ಬಟ್ಟಿ ಟ್ರಂಕಿನ್ಯಾಗ ಇಟ್ಟು ಮರತಬಿಡೂ ಹಂಗಿಲ್ರಿ. ವರ್ಷಕ್ಕೊಮ್ಮೆರ ಹೊರಗ ತಗದು, ನೆರಳಾಗ ಗಾಳಿಗೆ ಹಾಕಿ, ಹಳೀ ಮಡಿಕಿ ಬಿಟ್ಟು ಬ್ಯಾರೆ ಕಡೆ ಮಡಿಚಿ ಇಡಬೇಕು. ಇಲ್ಲಂದ್ರ ಮಡಿಕಿ ಬಿದ್ದಲ್ಲೇ ಎಳಿ ಹರೀತಾವ. ಗಜೇಂದ್ರಗಡದ ನೇಕಾರ ಮನಿಯೊಳಗ ಹುಟ್ಟಿ, ನಾಕ ಓಣಿ ದಾಟಿ ಇನ್ನೊಂದು ನೇಕಾರ ಮನಿಗೇ ಸೊಸಿಯಾಗಿ ಬಂದಾಕಿ ನಾನು. ಬ್ಯಾರೆ ಶಾಣ್ಯಾತನ ಇಲ್ಲಂದ್ರೂ ಇಷ್ಟು ಬರತೈತಿ.

ಮೊನ್ನೆ ಹಂಗ ಟ್ರಂಕ ತಗದಿದ್ದೆ. ನನ್ನ ಶ್ರೀಮಂತಕ್ಕ ಉಡಿಸಿದ ಚಂದ್ರಕಾಳಿ ಸೀರಿ ಬಂತು. ಕರೀ ಮೈ, ಕೆಂಪ ಸೆರಗು, ನಮ್ಮ ಕಡೆ ಬಸರಿ ಹೆಣ್ಣಮಗಳಿಗೆ ಉಡಿಸೂದು ಅದನ್ನ. ಅದರ ಬುಡಕ ಅವ್ವನ ಎರಡು ಸೀರಿ. ಎಲ್ಲಾದಕ್ಕಿಂತ ಬುಡಕ ಹಳೀ ಧೋತರದಾಗ ಸುತ್ತಿಟ್ಟ ಮತ್ತೊಂದು ಕರೀ ಬಟ್ಟಿ. ಅದು ಸೀರಿ ಅಲ್ಲ, ಕುಪ್ಪಸ ಅಲ್ಲ, ಹೊದಿಕಿನೂ ಅಲ್ಲ. ನಡುವ ತಲಿ ತೂರಿಸಾಕ ಜಾಗಾ ಐತಿ, ತೋಳಿಲ್ಲ. ನಮ್ಮ ಮನಿಯಾಗ ಅದನ್ನ ಹಾಕ್ಕೊಳ್ಳವರು ಯಾರೂ ಇಲ್ಲ, ಊರಾಗೂ ಇಲ್ಲ. ತೊಡಿ ಮ್ಯಾಲ ಹಾಕ್ಕೊಂಡು ಕುಂತಬಿಟ್ಟೆ. ಒಲಿ ಮ್ಯಾಲಿನ ಹಾಲು ಉಕ್ಕಿ ಹೋತು, ಅತ್ತಿ ಬೈದ್ರು. ನಮ್ಮತ್ತಿಗೆ ಬೈಯಾಕ ಹಾಲ ಉಕ್ಕಬೇಕಂತೇನಿಲ್ಲ ಬಿಡ್ರಿ.

ಆ ಬಟ್ಟಿ ಹೊಲದವರು ನಮ್ಮ ಬಾಜೂ ಮನಿ ಇನಾಸಕಾಕಾ. ಪೂರ್ತಿ ಹೆಸರು ಇನಾಸಪ್ಪ, ಹೊಲಿಗಿ ಕೆಲಸ. ಕಥೋಲಿಕ ಮಂದಿ, ಅವರ ಅಪ್ಪ ಮುದಗಲ್ಲ ಕಡೀಂದ ಬಂದು ಇಲ್ಲಿ ಮಷೀನ ಹಾಕಿದ್ದರಂತ. ನಮ್ಮೂರಾಗ ಅವರವು ಬೆರಳಾಗ ಎಣಿಸೂವಷ್ಟು ಮನಿ, ಒಂದು ಸಣ್ಣ ಚರ್ಚು.

ನಾ ಲಂಗ ಹಾಕ್ಕೊಳ್ಳೂ ಹುಡುಗಿ ಇದ್ದಾಗಿಂದ ಕಾಕಾನ ಅಂಗಡಿ ಗೊತ್ತು. ನಾಗರಪಂಚಮಿ ಹತ್ತಿರ ಬಂತಂದ್ರ ಓಣಿ ಹುಡುಗ್ಯಾರೆಲ್ಲಾ ಅಲ್ಲೇ. ಕುಪ್ಪಸ ಹೊಲಿಸೂದೊಂದು ನೆಪ, ಖರೇ ಆಸೆ ಮಷೀನಿನ ಬುಡಕ ಬಿದ್ದ ಚಿಂದಿ ಮ್ಯಾಲ. ಗೊಂಬಿಗೆ ಸೀರಿ ಉಡಿಸಾಕ ಆ ಚಿಂದಿ ಸಲವಾಗಿ ಜುಟ್ಟಾ ಹಿಡಕೊಂಡು ಜಗಳಾಡತಿದ್ವಿ. ಕಾಕಾ ಟೇಪ ಹಿಡೀದನ ಕಣ್ಣಲೇ ಅಳತಿ ತಗೋತಿದ್ರು. ಮಷೀನ ತುಳಿಯಾಕ ಹತ್ತಿದ್ರ ಬಾಯಾಗ ಏನೋ ಒಟಗುಟ್ಟತಿದ್ರು. ಕನ್ನಡ ಅಲ್ಲ, ಮರಾಠಿ ಅಲ್ಲ, ಉರ್ದು ಅಲ್ಲ. ದೆವ್ವ ಬಿಡಿಸೂ ಮಂತ್ರ ಅಂತ ನಮಗ ಖಾತ್ರಿ ಆಗಿತ್ತು. ನನ್ನ ಗೆಣತಿ ಒಬ್ಬಾಕಿ ಚಳಿಜ್ವರ ಬಂದಾಗ ಅವರವ್ವನ್ನ ಎಳಕೊಂಡು ಹೋಗಿ, ದಾರಾ ಮಂತ್ರಿಸಿ ಕೊಡ್ರಿ ಅಂತ ಕೂತಳು. ಕಾಕಾ ನಕ್ಕು ಗುಂಡಿ ಹಚ್ಚೂ ದಾರಾದಾಗ ಒಂದು ಮೊಳ ಹರದು ಕೊಟ್ಟರು. ಜ್ವರ ಬಿಟ್ಟಿತು. ಮುಂದ ಎಷ್ಟೋ ದಿನ ನಾವು ಅವರ ಅಂಗಡಿ ಮುಂದ ಹಾಯೂ ಮುಂದ ಚಪ್ಪಲಿ ಸಪ್ಪಳ ಮಾಡತಿರಲಿಲ್ಲ.

ಸೊಸಿಯಾಗಿ ಬಾಜೂಕ್ಕ ಬಂದ ಮ್ಯಾಲ ಆ ಒಟಗುಟ್ಟೂದು ನನ್ನ ನಸೀಬಕ್ಕ ಗಂಟ ಬಿತ್ತು. ಅವರ ಮಷೀನಿಗೂ ನಮ್ಮ ಮಗ್ಗಕ್ಕೂ ನಡುವ ಇದ್ದದ್ದು ಒಂದು ಮಣ್ಣಿನ ಗ್ವಾಡಿ ಅಷ್ಟ. ಕುಣಿಮಗ್ಗದಾಗ ಕಾಲ ಇಳಿಬಿಟ್ಟು ಕುಂತ್ರ ಅದು ನೆಟ್ಟಗ ಕಿವಿಗೇ ಬೀಳತಿತ್ತು. ಒಂದಿನ ತಡೀಲಾರದ, ದಿನಾ ಯಾರಿಗೆ ಬೈತೀರಿ ಕಾಕಾರ ಅಂತ ಕೇಳಿದೆ. ಬೈಯೂದಲ್ಲ ಯವ್ವಾ, ಇದು ಲ್ಯಾಟಿನ್, ನಮ್ಮ ಹಳೀ ಪೂಜಿ ಅಂದ್ರು.

ಅವರು ಸಣ್ಣವರಿದ್ದಾಗ ಕಥೋಲಿಕರ ಪೂಜಿ ಎಲ್ಲಾ ದೇಶದಾಗೂ ಆ ಭಾಷಾದೊಳಗೇ ಆಗತಿತ್ತಂತ. ಪಾದ್ರಿ ಮಂದಿ ಕಡೆ ಬೆನ್ನ ಮಾಡಿ, ದೇವರ ಕಡೆ ಮಾರಿ ಮಾಡಿ ನಿಂದರತಿದ್ರು. ಅವರು ಸಣ್ಣ ದನಿಯಾಗ ಒಂದು ಮಾತು ಅಂದ್ರ, ಬಾಜೂಕ್ಕ ಮೊಣಕಾಲೂರಿದ ಹುಡುಗ ಅದಕ್ಕ ಉತ್ತರ ಹೇಳಬೇಕು. ಹಂಗ ಉತ್ತರ ಹೇಳೂ ಹುಡುಗ ನಮ್ಮ ಕಾಕಾ. ಅರ್ಥ ಗೊತ್ತಿರಲಿಲ್ಲ, ಬಾಯಿಪಾಠ. ಒಂದು ಉತ್ತರ ತಪ್ಪಿದ್ರ ಗೋವಾದ ಮುದುಕ ಪಾದ್ರಿ ಪೂಜಿ ಮುಗಿದ ಮ್ಯಾಲ ಕಿವಿ ಹಿಂಡತಿದ್ರಂತ. ಆಮ್ಯಾಲ ಕಾಲ ಬದಲಾತು, ಪೂಜಿ ಕನ್ನಡಕ್ಕ ಬಂತು, ಪಾದ್ರಿ ಮಂದಿ ಕಡೆ ತಿರುಗಿದ್ರು. ಎಲ್ಲಾರಿಗೂ ಸಂತೋಷ ಆತು. ಕಾಕಾ ಮಾತ್ರ ಮಷೀನಿನ ಮುಂದ ಉತ್ತರ ಹೇಳಕೋತ ಉಳದ್ರು.

ಇತ್ತಿತ್ತಲಾಗ ಒಮ್ಮೆ ಮೊದಲನೇ ಉತ್ತರದ ಅರ್ಥ ನನಗ ಹೇಳಿದ್ರು. ನನ್ನ ಹರೇಕ್ಕ ಆನಂದ ಕೊಡೂ ದೇವರ ಕಡೆ ಹೋಗತೇನಿ ಅಂತ ಅದು. ಹಲ್ಲಿಲ್ಲದ ಬಾಯಾಗ ‘ನನ್ನ ಹರೇಕ್ಕ’ ಅಂದದ್ದು ಕೇಳಿ ನಾ ಸೆರಗ ಬಾಯಿಗೆ ಹಿಡಕೊಂಡು ನಕ್ಕೆ. ಅವರೂ ನಕ್ಕರು. ಆಮ್ಯಾಲ, ಇದು ಪೂಜಿ ಶುರುವಿನ ಮಾತು, ಸತ್ತವರ ಪೂಜಿಯೊಳಗೂ ಒಮ್ಮೆ ಬರತೈತಿ, ಮಣ್ಣ ಕೊಡೂ ಮುಂದ ಮಾತ್ರ ಹೇಳೂದಿಲ್ಲ ಅಂತ ಹೇಳಿ ಸೂಜಿಗೆ ದಾರಾ ಪೋಣಿಸಾಕ ಹತ್ತಿದ್ರು.

ಸತ್ತವರ ಪೂಜಿ ಅಂದ್ರ ಅವರಿಗೆ ಅವ್ವನ ನೆನಪು. ಅವರವ್ವ ತೀರಿಕೊಂಡಾಗ ಉತ್ತರ ಹೇಳಾಕ ಕುಂತವರು ಕಾಕಾನೇ. ಪಾದ್ರಿ ಕರೀ ಮೇಲಂಗಿ ಹಾಕ್ಕೊಂಡು ಬಂದ್ರಂತ. ಯಾರೂ ಅವ್ವನ್ನ ಹೊಗಳಲಿಲ್ಲ, ಯಾರೂ ಅಳಬ್ಯಾಡ ಅನ್ನಲಿಲ್ಲ. "ಅವ್ವ ಸತ್ತಾಳ ಅಂತ ಆ ಕರೀ ಬಟ್ಟಿ ನನಗ ನೆಟ್ಟಗ ಹೇಳಿತು ಯವ್ವಾ. ಸುಳ್ಳ ಹೇಳಲಿಲ್ಲ. ಅದಕ್ಕ ತಡಕೊಂಡೆ" ಅಂತಿದ್ರು.

ಅವರ ಹೇಣ್ತಿ ಮರಿಯವ್ವ ಕಾಕು ಹೋದಾಗ ನಾವೆಲ್ಲಾ ಚರ್ಚಿಗೆ ಹೋಗಿದ್ವಿ. ಪಾದ್ರಿ ಬಿಳೀ ಬಟ್ಟಿಯೊಳಗ ಬಂದ್ರು, ಮೈಕ ಹಚ್ಚಿದ್ರು, ಕೀಬೋರ್ಡ ಬಾರಿಸಿದ್ರು, ನಮ್ಮ ತಾಯಿ ಸ್ವರ್ಗದಾಗ ನಗಾಕ ಹತ್ತ್ಯಾಳ, ನೀವೂ ನಗ್ರಿ ಅಂದ್ರು. ಕೆಟ್ಟ ಮನಸ್ಸಲೇ ಅಂದದ್ದಲ್ಲ, ಸಮಾಧಾನಕ್ಕ ಅಂದದ್ದು. ಕಾಕಾ ಎದ್ದು ಹೊರಗ ಬಂದು ಬೇವಿನಗಿಡದ ಬುಡಕ ಕುಂತ್ರು. ನಾ ನೀರ ಒಯ್ದು ಕೊಟ್ಟೆ. ನನ್ನ ಮಣ್ಣಿಗೆ ಹಿಂಗಾಗಬಾರದು, ಕರೀ ಬಟ್ಟಿ, ಲ್ಯಾಟಿನ್, ದೇವರ ಕಡೆ ಮಾರಿ ಮಾಡಿದ ಒಬ್ಬ ಪಾದ್ರಿ, ಅಷ್ಟಿದ್ರ ಸಾಕು ಅಂದ್ರು. ಆವತ್ತಿನಿಂದ ಅವರು ಬಯಸಿದ್ದು ಅದೊಂದನ್ನ.

ಅದೇನು ದೊಡ್ಡ ಬೇಡಿಕಿ ಅಂತ ನಾನೂ ಅಂದಕೊಂಡಿದ್ದೆ. ಆದ್ರ ದೊಡ್ಡದಿತ್ತು. ಹಿಂದಿನ ಒಬ್ಬ ಪೋಪ್ ಹಳೀ ಪೂಜಿಗೆ ಬಾಗಲ ಸಡ್ಲ ಮಾಡಿದ್ರಂತ, ಅವರಾದ ಮ್ಯಾಲ ಬಂದವರು ಬಿಗಿ ಮಾಡಿದ್ರಂತ. ಈಗ ಬಿಷಪ್ಪರ ಅಪ್ಪಣಿ ಬೇಕು, ಬಿಷಪ್ಪರು ರೋಮಿಗೆ ಕೇಳಬೇಕು. ಮಠಕ್ಕ ಹೊಸ ಅಜ್ಜಾರು ಬಂದ್ರ ಪದ್ಧತಿ ಬದಲಾಗತಾವಲ್ಲ, ಹಂಗ ತಿಳಕೊಂಡೆ ನಾನು. ಹಿಂಗಾಗಿ ಆ ಬಿಗಿ ಮಾಡಿದ ಪೋಪ್ ತೀರಿಕೊಂಡಾಗ ಕಾಕಾ ಅವರ ಆತ್ಮಕ್ಕ ಜಪಮಾಲಿ ಮಾಡಿದ್ರು, ಖರೇನ ಕಣ್ಣೀರೂ ಹಾಕಿದ್ರು, ಮತ್ತ ಮರದಿನದಿಂದ ಹೊಸಬರ ದಾರಿ ಕಾಯಾಕ ಹತ್ತಿದ್ರು. ಎರಡೂ ಒಂದೇ ಮನಸ್ಸಿನ್ಯಾಗ ಹ್ಯಾಂಗ ಕೂಡತಾವ ಅಂತ ನಾ ಕೇಳಲಿಲ್ಲ. ನನ್ನ ಮನಸ್ಸಿನ್ಯಾಗೂ ಅತ್ತಿ ಬಗ್ಗೆ ಎರಡೂ ಇರತಾವ.

ಹೊಸ ಪೋಪ್ ಆರಿಸಿ ಬಂದ ಸುದ್ದಿ ಮುಂಜಾನೆ ನನ್ನ ಮಗ ಮಂಜು ಮೊಬೈಲಿನ್ಯಾಗ ತೋರಿಸಿದ. ಮಂದಿ ಮಾರಿ ನೋಡತಾರ, ದೇಶ ಯಾವುದು ಅಂತ ಕೇಳತಾರ. ಕಾಕಾ ಬಟ್ಟಿ ನೋಡಿದ್ರು. ಚಸ್ಮಾ ಒರಿಸಿಕೊಂಡು ಮತ್ತೊಮ್ಮೆ ನೋಡಿದ್ರು.

"ಕೆಂಪ ಹೊದ್ದಾರ ನೋಡ ಯವ್ವಾ, ಹೆಗಲ ಮ್ಯಾಲ. ಮೊದಲಿನವರು ಬರೇ ಬಿಳೀದರಾಗ ಬಂದಿದ್ರು. ಬಟ್ಟಿ ಯಾರೂ ಸುಮ್ಮನ ಹಾಕ್ಕೊಳ್ಳೂದಿಲ್ಲ."

ಆವತ್ತ ಓಣಿಗೆಲ್ಲಾ ಪೇಢೆ ಹಂಚಿದ್ರು. ಅಸೂಟಿಯಿಂದ ಕುಪ್ಪಸ ಹೊಲಿಸಾಕ ಬಂದ ಹೆಣ್ಣಮಗಳು, ಮೊಮ್ಮಗ ಹುಟ್ಟ್ಯಾನೇನ್ರಿ ಅಂತ ಕೇಳಿದ್ಲು. ಹೂಂ ಹಂಗ ಅನ್ನು ಅಂದ್ರು. ಸಂಜಿಮುಂದ ನಮ್ಮ ಮನಿಗೆ ಬಂದು ನಮ್ಮವರ ಮುಂದ ಕುಂತು, ಮಗ್ಗದ ಮ್ಯಾಲ ಒಂದು ಬಟ್ಟಿ ತಗದು ಕೊಡಬೇಕು, ಪೂರಾ ಕರೀ ರೇಷ್ಮಿ ಅಂದ್ರು. ಅಪ್ಪಣಿ ಬಂದಾಗ ಮೇಲಂಗಿ ಇಲ್ಲ ಅಂತ ನಿಂದರಬಾರದು ಅನ್ನೂದು ಅವರ ಲೆಕ್ಕ.

ಒಳಗಿಂದ ಅತ್ತಿ ಎದ್ದು ಬಂದ್ರು. ಕರೀದು ಬಸರಿಗೆ ಉಡಿಸೂ ಬಣ್ಣ, ಹೆಣದ ಪೂಜಿಗೆ ಅಂತ ಈ ಮನಿ ಮಗ್ಗದ ಮ್ಯಾಲ ಹಾಸು ಏರಿಸಿದ್ರ ನಾ ಬಾವಿ ನೋಡಿಕೋತೇನಿ ಅಂದ್ರು. ನಮ್ಮತ್ತಿ ಬಾವಿ ನೋಡಿಕೋತೇನಿ ಅಂದದ್ದು ನಾ ಬಂದಾಗಿಂದ ಎಷ್ಟು ಸಲ ಅಂತ ಕೇಳಬ್ಯಾಡ್ರಿ, ಬಾವಿನೇ ಬತ್ತಿ ಹೋಗೇತಿ. ಆದ್ರ ನಮ್ಮವರೂ ಹಿಂಜರಿದ್ರು. ಅಂಚಿಗೆ ಕೆಂಪಿಲ್ಲದ ಕರೀ ಬಟ್ಟಿ ನಮ್ಮ ಮನಿತನದಾಗ ಯಾರೂ ಮಗ್ಗದಿಂದ ಇಳಿಸಿಲ್ಲ. ಕಡೀಕ ಕಾಕಾನೇ ಹಾದಿ ಹುಡುಕಿದ್ರು. ಎರಡೂ ಕಡೆ ದಾರದಷ್ಟು ಕೆಂಪ ಅಂಚು ಬರಲಿ, ಹೊಲಿಯೂ ಮುಂದ ಒಳಗ ಮಡಿಚಿಬಿಡತೇನಿ, ನಿಮ್ಮ ಪದ್ಧತಿನೂ ಉಳೀತು, ನಮ್ಮದೂ ಉಳೀತು ಅಂದ್ರು. ಅತ್ತಿ ಗೊಣಗಿದ್ರು, ಒಪ್ಪಿದ್ರು. ನಮ್ಮವರು ನೇದ್ರು, ಕಾಕಾ ಹೊಲದ್ರು. ಅವರ ಮನಿಯಾಗ ಇಲಿ ಕಾಟ, ಅದಕ್ಕ ನಮ್ಮ ಟ್ರಂಕಿನ್ಯಾಗ ಇಡಾಕ ಕೊಟ್ಟರು.

ಇನ್ನ ಪಾದ್ರಿ ಮಾತು. ನಮ್ಮೂರ ಚರ್ಚಿಗೆ ಐತವಾರ ರೋಣದ ಕಡೀಂದ ಬೈಕಿನ ಮ್ಯಾಲ ಬರೂ ಹರೇದ ಫಾದರ್, ಭಾಳ ಚಲೋ ಮನಿಶಾ. ಕಾಕಾ ಅವರನ್ನ ಹಿಡದು ಕೂಡಿಸಿ ಎಲ್ಲಾ ಹೇಳಿದ್ರು. ಬಿಷಪ್ಪರಿಗೆ ಕೇಳತೇನಿ ಅಂತ ಫಾದರ್ ಒಪ್ಪಿಕೊಂಡ್ರು, ಆದ್ರ ಅಪ್ಪಣಿ ಬಂದ್ರೂ ನನಗ ಆ ಪೂಜಿ ಬರೂದಿಲ್ಲಲ್ಲ ಅಜ್ಜಾ ಅಂದ್ರು. ಕಲಿಸತೇನಿ ಅಂತ ಕಾಕಾ ಹುರುಪಲೇ ಶುರು ಮಾಡಿದ್ರು. ಎರಡು ಉತ್ತರ ಹೇಳಿದ್ರು, ಮೂರನೇದಕ್ಕ ನಿಂತ್ರು.

"ನನಗ ಬರೂದು ಉತ್ತರ ಅಷ್ಟರಿ ಫಾದರ್. ಕೇಳೂ ಮಾತು ಪಾದ್ರಿಗಳ ಕಡೆ ಇರತಿದ್ದವು."

ಫಾದರ್ ನಗಲಿಲ್ಲ. ಮುಂದಿನ ಐತವಾರ ಬಂದು, ನಿಯಮ ನೋಡಿದೆ, ಈಗಿನ ಕನ್ನಡ ಪೂಜಿಯೊಳಗೂ ಸತ್ತವರಿಗೆ ಕರೀ ಬಟ್ಟಿ ನಡೀತೈತಿ, ಅದಕ್ಕ ಯಾರ ಅಪ್ಪಣಿನೂ ಬ್ಯಾಡ, ಅಷ್ಟರ ಮಾಡೋಣು ಅಂದ್ರು. ನನಗ ಎಷ್ಟ ಹಗರಾತು ಅಂತೀರಿ! ನೇದ ಬಟ್ಟಿ ಸಾರ್ಥಕ ಆತು ಅಂದಕೊಂಡೆ. ಆದ್ರ ಕಾಕಾ ಒಲ್ಲೆ ಅಂದ್ರು. ಮೈ ಒಬ್ಬರ ಅಳತಿದು, ತೋಳು ಮತ್ತೊಬ್ಬರ ಅಳತಿದು ಮಾಡಿ ನಾ ಯಾವತ್ತೂ ಅಂಗಿ ಹೊಲದಿಲ್ಲ, ಬಂದ್ರ ಪೂರಾ ಬರಲಿ, ಇಲ್ಲಂದ್ರ ಬಿಳೀದ ಇರಲಿ ಅಂದ್ರು. ನನಗ ಸಿಟ್ಟು ಬಂತು. ಕೈಗೆ ಬಂದದ್ದನ್ನ ಒಲ್ಲೆ ಅನಬಾರದು ಕಾಕಾರ ಅಂದೆ. ನೀ ಸುಮ್ಮನಿರು, ಹೊಸಬರು ಬಂದಾರ, ಎಲ್ಲಾ ಬರತೈತಿ ಅಂದ್ರು.

ಸ್ವಲ್ಪ ದಿನಕ್ಕ ರೋಮಿನ ದೊಡ್ಡ ಚರ್ಚಿನ್ಯಾಗ ಹಳೀ ಪೂಜಿ ಮಾಡಾಕ ಮತ್ತ ಬಿಟ್ಟಾರಂತ ಸುದ್ದಿ ಬಂತು. ಮಂಜು ಫೋಟೋ ತೋರಿಸಿದ. ಕಾಕಾ ಅದನ್ನ ಬೆರಳಲೇ ದೊಡ್ಡದು ಮಾಡಿಸಿ ಮಾಡಿಸಿ ನೋಡಿದ್ರು. ಅಲ್ಲಿತನಕಾ ಬಂದ ಮ್ಯಾಲ ಗಜೇಂದ್ರಗಡಕ್ಕ ಬರಾಕ ಎಷ್ಟೊತ್ತು ಅಂದ್ರು. ಬಿಷಪ್ಪರ ಕಡೀಂದ ಮಾತ್ರ ಏನೂ ಬರಲಿಲ್ಲ. ಇಲ್ಲ ಅಂತನೂ ಬರಲಿಲ್ಲ. ಇಲ್ಲ ಅಂದಿದ್ರ ಕಾಕಾ ಆ ಅರ್ಧಕ್ಕರ ಒಪ್ಪತಿದ್ರೋ ಏನೋ, ನನಗ ಈಗೂ ಅನಸತೈತಿ.

ಮಾಗಿ ಥಂಡಿಯೊಳಗ ಅವರ ಎದಿಯಾಗ ನೀರ ತುಂಬಿತು. ಗದಗಿನ ದವಾಖಾನಿಗೆ ಒಯ್ದ್ರು, ವಯಸ್ಸಾಗೇತಿ, ಮನಿಗೆ ಕರಕೊಂಡು ಹೋಗ್ರಿ ಅಂದ್ರಂತ. ಮಗಳು ರೋಸಿ ನರಗುಂದದಿಂದ ಬಂದು ಕುಂತಳು. ಗ್ವಾಡಿ ಆಚೆ ಮಷೀನಿನ ಸಪ್ಪಳ ನಿಂತಿತ್ತು, ಉತ್ತರ ನಿಂತಿದ್ದಿಲ್ಲ. ಉಸಿರು ಸಾಲದ ಅರ್ಧಕ್ಕ ಕಡೀತಿತ್ತು, ನಾ ಲಾಳಿ ಕೈಯಾಗ ಹಿಡಕೊಂಡು ಉಳಿದರ್ಧ ಬರಲಿ ಅಂತ ಕಾಯತಿದ್ದೆ. ಎಷ್ಟೋ ಸಲ ಅದು ಬರತಿರಲಿಲ್ಲ. ಆ ಹೊತ್ತಿನ್ಯಾಗ ಗೊತ್ತಾತು, ಉಳಿದರ್ಧ ನನಗ ಬರತೈತಿ ಅಂತ. ಇಷ್ಟು ವರ್ಷ ಕೇಳಿ ಕೇಳಿ ನನ್ನ ಬಾಯಿಗೂ ಕುಂತಿತ್ತು.

ನಾ ಅಂಬಲಿ ಒಯ್ದು ಕೊಡೂ ಮುಂದ ದಿನಾ ಒಂದೇ ಮಾತು ಕೇಳತಿದ್ರು, ಸುದ್ದಿ ಬಂತೇನು ಅಂತ. ನೋಡಲಾರದ ನಮ್ಮವರು ಒಂದಿನ, ಬಂತ್ರಿ ಕಾಕಾ, ಅಪ್ಪಣಿ ಬಂದೈತಿ ಅಂದುಬಿಟ್ಟರು. ಕಾಕಾನ ಕಣ್ಣು ಅರಳಿದ್ವು. ಯಾವ ಪಾದ್ರಿ ಬರತಾರ ಅಂತ ಕೇಳಿದ್ರು. ನಮ್ಮವರು ಜೀವನದಾಗ ಹತ್ತಿ ದಾರಾನ ರೇಷ್ಮಿ ಅಂತ ಮಾರಿದವರಲ್ಲ. ತಲಿ ತಗ್ಗಿಸಿ ಕಾಕಾನ ಹೊದಿಕಿ ಸರಿ ಮಾಡಾಕ ಹತ್ತಿದ್ರು. ಕಾಕಾ ಅವರ ಕೈ ಹಿಡಕೊಂಡು, ಇರಲಿ ಬಿಡು ತಮ್ಮಾ ಅಂದ್ರು. ಆಮ್ಯಾಲ ಗ್ವಾಡಿ ಕಡೆ ಹೊಳ್ಳಿದ್ರು. ಮತ್ತ ಸುದ್ದಿ ಕೇಳಲಿಲ್ಲ. ಒಂದಿನ ಮಧ್ಯಾಹ್ನ ರೋಸಿ ಅತ್ತದ್ದು ಕೇಳಿಸಿತು.

ಮರದಿನ ಮುಂಜಾನೆ ಫಾದರ್ ಬಂದ್ರು. ಕರೀ ಮೇಲಂಗಿ ಹಾಕ್ಕೊಳ್ಳಲೇನು ಅಂತ ರೋಸಿಗೆ ಕೇಳಿದ್ರು. ಅಕಿ ಅಳಕೋತ, ನನಗೇನೂ ತಿಳಿಯೂದಿಲ್ಲ, ಶಾಂತಕ್ಕಗ ಕೇಳ್ರಿ ಅಂತ ನನ್ನ ಕಡೆ ಕೈ ಮಾಡಿದ್ಲು. ಹೆತ್ತ ಮಗಳು ಅಲ್ಲಿ, ಜಾತಿ ಅಲ್ಲ ಧರ್ಮ ಅಲ್ಲ ನಾನಿಲ್ಲಿ. ಟ್ರಂಕ ತಗದೆ. ಬಟ್ಟಿ ಕೈಯಾಗ ಹಿಡಕೊಂಡು ಹೊಸ್ತಲದಾಗ ನಿಂತೆ. ಕೊಟ್ಟರ ಆ ಬಟ್ಟಿ ಅವರ ಕಡೀ ಪೂಜಿ ನೋಡತಿತ್ತು. ಕೊಡಲಿಲ್ಲಂದ್ರ ಅವರ ಮಾತು ಉಳೀತಿತ್ತು. ಫಾದರ್ ಕೈ ಚಾಚಿದ್ರು, ಆತುರ ಮಾಡ್ಲಿಲ್ಲ.

"ಅರ್ಧ ಕೊಟ್ಟರ ಒಲ್ಲೆ ಅಂದಾರ್ರಿ. ನಿಮ್ಮ ಮುಂದನ ಅಂದಾರ."

ಫಾದರ್ ತಲಿ ಅಲ್ಲಾಡಿಸಿ ಹೋದ್ರು. ಬಿಳೀ ಬಟ್ಟಿಯೊಳಗ ಪೂಜಿ ಆತು. ರೋಸಿಯ ಗಂಡನ ಮನಿಯವರು ಕೀಬೋರ್ಡ ತಂದಿದ್ರು, ಚಂದ ಬಾರಿಸಿದ್ರು. ನಾ ಹಿಂದ ಕುಂತು ನೆಲಾ ನೋಡಕೋತಿದ್ದೆ. ನಾ ಸರಿ ಮಾಡಿದೆನೋ ತಪ್ಪು ಮಾಡಿದೆನೋ ಆವತ್ತೂ ತಿಳೀಲಿಲ್ಲ, ಇವತ್ತೂ ತಿಳಿದಿಲ್ಲ. ಮುದುಕನ ಹಟ ಉಳಿಸಾಕ ಹೋಗಿ ಮುದುಕನ್ನ ಬರಿಗೈಲೇ ಕಳಿಸಿದೆ ಅಂತ ಸಂಕಟ ಆಗತೈತಿ.

ಅವರ ಮಸಣ ಗುಡ್ಡದ ಬುಡಕ ಐತಿ, ಗುಡ್ಡದ ಮ್ಯಾಲ ಕರೆಂಟ ಮಾಡೂ ಗಾಳಿ ಪಂಖಾ ತಿರಗತಿರತಾವ. ಪೆಟ್ಟಿಗಿ ಇಳಿಸಿದ್ರು. ಫಾದರ್ ಪ್ರಾರ್ಥನಿ ಮುಗಿಸಿ ಪುಸ್ತಕ ಮುಚ್ಚಿದ್ರು. ಇನ್ನ ಮಣ್ಣ ಹಾಕಬೇಕು, ಯಾರು ಮೊದಲು ಅಂತ ಒಬ್ಬರ ಮಾರಿ ಒಬ್ಬರು ನೋಡಿದ್ರು. ಅಷ್ಟರಾಗ ನನ್ನ ಬಾಯಿ ತಾನ ಲ್ಯಾಟಿನ್ ಉತ್ತರ ಹೇಳಿತು. ಯಾರೂ ಏನೂ ಕೇಳಿದ್ದಿಲ್ಲ. ಸಣ್ಣ ದನಿಯಾಗ ಅಂದದ್ದು, ಆದ್ರೂ ಕುಣಿ ಸುತ್ತ ನಿಂತವರಿಗೆ ಕೇಳಿಸಿತು. ಫಾದರ್ ತಟ್ಟನ ನನ್ನ ಕಡೆ ನೋಡಿ ಕಣ್ಣ ಕೆಳಗ ಮಾಡಿದ್ರು. ರೋಸಿ ಜೋರಾಗಿ ಅಳಾಕ ಹತ್ತಿದ್ಲು. ನಾ ಒಂದು ಹಿಡಿ ಮಣ್ಣ ಹಾಕಿ ಹಿಂದ ಸರದೆ.

ಮನಿಗೆ ಬಂದು ತಲಿಮ್ಯಾಲ ನೀರ ಹಾಕ್ಕೊಳ್ಳೂ ಮುಂದ ನೆನಪಾತು. ನಾ ಅಂದದ್ದು ಆ ಹರೇದ ಉತ್ತರ. ಮಣ್ಣ ಕೊಡೂ ಮುಂದ ಹೇಳೂದಿಲ್ಲ ಅಂತ ಕಾಕಾನ ಬಾಯಿಲೇ ಕೇಳಿದ್ದು. ಬಾಯಿಗೆ ಕುಂತ ಅಷ್ಟೆಲ್ಲಾ ಉತ್ತರದಾಗ ಹೇಳಬಾರದ ಒಂದನ್ನ ಆರಿಸಿ ಹೇಳಿ ಬಂದಿದ್ದೆ. ಬಚ್ಚಲದಾಗ ಕುಂತು ಅತ್ತೆ. ನಡುವ ನಗುನೂ ಬಂತು, ಸುಳ್ಳ್ಯಾಕ ಹೇಳಲಿ. ಗೋವಾದ ಪಾದ್ರಿ ಇದ್ದಿದ್ರ ನನ್ನ ಕಿವಿ ಹಿಂಡತಿದ್ರು.

ಮಷೀನ ರೋಸಿ ನರಗುಂದಕ್ಕ ಒಯ್ದಳು. ಮನಿಗೆ ಬ್ಯಾರೆ ಬಾಡಿಗಿಯವರು ಬಂದ್ರು, ದಿನಾ ಟೀವಿ ಹಚ್ಚತಾರ. ಕಾಕಾ ಕಾಯತಿದ್ದ ಅಪ್ಪಣಿಗೆ ಮಾತ್ರ ವಾರಸ್ದಾರರು ಯಾರೂ ಆಗಲಿಲ್ಲ, ಅದು ಗ್ವಾಡಿ ದಾಟಿ ನನ್ನ ಕೊರಳಿಗೆ ಬಿತ್ತು. ಫಾದರ್ ಬೈಕು ಓಣಿಯಾಗ ಹಾದ್ರ ನಾ ಮಗ್ಗ ಬಿಟ್ಟು ಎದ್ದು ಬರತೇನಿ. ವರ್ಷ ತುಂಬಿದಾಗ ಅವರ ಹೆಸರಿಲೇ ಮತ್ತೊಂದು ಪೂಜಿ ಇರತೈತಂತ, ಅದನ್ನ ಹಳೀ ರೀತಿಯೊಳಗ ಮಾಡಬಹುದಂತ, ಅಪ್ಪಣಿ ಬಂದ್ರ. ಬಂತೇನ್ರಿ ಅಂತ ಕೇಳತೇನಿ. ಇನ್ನೂ ಇಲ್ಲರಿ ಅಂತಾರ. ಹೋದ ಸಲ, ಪಾದ್ರಿ ಹೇಳೂ ಮೊದಲನೇ ಮಾತು ಹುಡುಕಿ ಓದಿದೆ, ನಾಲಿಗಿ ಹೊಳ್ಳೂದಿಲ್ಲ ಅಂದ್ರು.

ಅವರ ಪೋಪ್ ಏನ ಮಾಡಿದ್ರ ನಿನಗೇನ ಅಂತ ಅತ್ತಿ ಕೇಳತಾರ. ಹೌದಲ್ಲ, ನನಗೇನ. ಮೊನ್ನೆ ಆ ಬಟ್ಟಿ ಕೊಡವಿ, ಹಳೀ ಮಡಿಕಿ ಬಿಡಿಸಿ ಹೊಸಾ ಮಡಿಕಿ ಹಾಕಿದೆ. ಬುಡಕ ಇಡಲಿಲ್ಲ. ಚಂದ್ರಕಾಳಿ ಸೀರಿ ಕೆಳಗ ಹಾಕಿ, ಇದನ್ನ ಎಲ್ಲಾದಕ್ಕಿಂತ ಮ್ಯಾಲ ಇಟ್ಟೆ. ಅಪ್ಪಣಿ ಬಂದ ದಿನ ಹುಡುಕಾಡೂದು ಆಗಬಾರದು ನೋಡ್ರಿ.